ಗೋಲ್ಕೊಂಡದ ಮಾರ್ಗದರ್ಶಿಯ ಕಥನ: ಒಂದು ವಿಮರ್ಶೆ

ಇತಿಹಾಸವು ಜನಸಾಮಾನ್ಯರನ್ನು ತಲುಪುವುದು ಗ್ರಂಥಗಳ ಮೂಲಕ ಮಾತ್ರವಲ್ಲ. ಗ್ರಂಥವನ್ನು ಎಂದೂ ತೆರೆಯದ ಅಸಂಖ್ಯ ಜನರು, ಕೋಟೆಯ ಬಾಗಿಲಲ್ಲಿ ಹಣ ತೆತ್ತು ಗೊತ್ತುಮಾಡಿಕೊಂಡ ಮಾರ್ಗದರ್ಶಿಯ ಬಾಯಿಂದಲೇ ರಾಜವಂಶಗಳ ಏಳುಬೀಳುಗಳನ್ನು ಕೇಳಿ ತಿಳಿಯುತ್ತಾರೆ. ಗ್ರಂಥಕ್ಕಾದರೆ ವಿಮರ್ಶಕರುಂಟು, ತಪ್ಪಿದ ತೇದಿಯನ್ನು ತಿದ್ದುವವರುಂಟು. ಮಾರ್ಗದರ್ಶಿಯ ಕಥನವನ್ನು ಮಾತ್ರ ವಿನೋದವೆಂದು ಬಗೆದು ವಿದ್ವಾಂಸರು ಕಡೆಗಣಿಸುತ್ತ ಬಂದಿದ್ದಾರೆ. ಇದು ಉಚಿತವಲ್ಲ. ಆ ಕಥನಕ್ಕೂ ಒಂದು ಬಂಧವುಂಟು, ಗುಣದೋಷಗಳುಂಟು. ಹೈದರಾಬಾದಿನ ಪಶ್ಚಿಮಕ್ಕಿರುವ ಗೋಲ್ಕೊಂಡ ಕೋಟೆಯನ್ನು ನಿದರ್ಶನವಾಗಿಟ್ಟುಕೊಂಡು ಅವುಗಳನ್ನು ಪರಿಶೀಲಿಸಬಹುದು.

ಈ ಕಥನದ ಮೊದಲ ಲಕ್ಷಣವೆಂದರೆ ಅದರ ಕ್ರಮವನ್ನು ಕಾಲವು ನಿರ್ಧರಿಸದೆ ಮೆಟ್ಟಿಲುಗಳು ನಿರ್ಧರಿಸುವುದು. ಹೊರಕೋಟೆಯ ಫತೇ ದರ್ವಾಜಾ ಎಂಬ ಹೆಸರೇ ೧೬೮೭ರ ಮೊಗಲರ ವಿಜಯವನ್ನು ಸೂಚಿಸುತ್ತದೆ. ಎಂದರೆ ಕಥೆಯ ಕೊನೆಯು ಮೊದಲ ಬಾಗಿಲಿನಲ್ಲಿಯೇ ಕೇಳಿಬರುತ್ತದೆ. ಮುಂದೆ ಆಯುಧಾಗಾರ, ರಾಮದಾಸರ ಸೆರೆಮನೆ, ಮಸೀದಿ, ಮಹಾಕಾಳಿಯ ಗುಡಿ, ಬೆಟ್ಟದ ನೆತ್ತಿಯ ಬಾರಾದರಿ, ಇಳಿಯುವಾಗ ರಾಣೀವಾಸ. ಸುಲ್ತಾನ್ ಕುಲಿಯ ಆಳ್ವಿಕೆ ಮೊದಲಾದ ೧೫೧೮ರಿಂದ ಅಬುಲ್ ಹಸನ್ ತಾನಾಶಾಹನು ಸೆರೆಯಾದ ೧೬೮೭ರವರೆಗೆ ಎಂಟು ಮಂದಿ ಕುತುಬ್‌ಶಾಹಿ ದೊರೆಗಳು ಆಳಿದರು. ಸ್ಥಳಗಳನ್ನು ಹೀಗೆ ಅಡ್ಡಾದಿಡ್ಡಿಯಾಗಿ ಹೊಕ್ಕು ಹೊರಡುವಾಗ, ತೇದಿಯ ಸೂತ್ರವನ್ನು ಹೇಳುವವನೇ ಹಿಡಿದಿರಬೇಕು. ಆದರೆ ಸಾಮಾನ್ಯ ನಿರೂಪಣೆಯಲ್ಲಿ ಈ ೧೬೯ ವರ್ಷಗಳು ಕರಗಿ, ಎಂಟು ದೊರೆಗಳು ಒಬ್ಬನೇ ಹೆಸರಿಲ್ಲದ 'ಬಾದಶಹ'ನಾಗಿಬಿಡುತ್ತಾರೆ. ಇದು ಈ ಕಥನದ ಮೊದಲ ದೋಷ.

ಗುಣವನ್ನೂ ಹೇಳಬೇಕು. ಬಾಲಾ ಹಿಸಾರ್ ದ್ವಾರದ ಬಳಿ ಗುಮ್ಮಟದ ಕೆಳಗೆ ನಿಂತು ಮಾರ್ಗದರ್ಶಿಯು ಚಪ್ಪಾಳೆ ತಟ್ಟುತ್ತಾನೆ. ಆ ಸಪ್ಪಳ ಸುಮಾರು ನಾನೂರು ಅಡಿ ಎತ್ತರದ ಬೆಟ್ಟದ ಮೇಲಿನ ಮಂಟಪದಲ್ಲಿ ಕೇಳಿಸುತ್ತದೆ. ಅದು ಕಾವಲಿನವರ ಎಚ್ಚರಿಕೆಯ ಸಂಕೇತವಾಗಿತ್ತೆಂಬುದು ಅವನ ವ್ಯಾಖ್ಯಾನ. ವ್ಯಾಖ್ಯಾನವನ್ನು ಒಪ್ಪಬಹುದು, ಬಿಡಬಹುದು. ಆದರೆ ಪ್ರಯೋಗವಂತೂ ಕಿವಿಗೆ ಪ್ರತ್ಯಕ್ಷ. ಯಾವ ಗ್ರಂಥವೂ ಕೊಡಲಾರದ ಪ್ರಮಾಣವಿದು. ಗೋಡೆಗಳಲ್ಲಿ ಇಂದಿಗೂ ಕಾಣುವ ಸುಟ್ಟ ಮಣ್ಣಿನ ಕೊಳವೆಗಳನ್ನು ಬೆರಳಿಟ್ಟು ತೋರಿಸಿ, ಹಂತಹಂತವಾಗಿ ನೀರನ್ನು ಮೇಲಕ್ಕೆತ್ತಿದ ಬಗೆಯನ್ನು ವಿವರಿಸುವಾಗಲೂ ಅವನ ಮಾತು ಕಲ್ಲುಮಣ್ಣಿನ ಆಧಾರದ ಮೇಲೆ ನಿಂತಿರುತ್ತದೆ. ತೋರಿಸಬಲ್ಲುದನ್ನು ಹೇಳುವಾಗ ಮಾರ್ಗದರ್ಶಿಯು ಉತ್ತಮ ಇತಿಹಾಸಕಾರ.

ತೋರಿಸಲಾಗದುದಕ್ಕೆ ಬಂದಾಗ ಮಾತು ಸಡಿಲುತ್ತದೆ. ಕೋಟೆಯಿಂದ ಚಾರ್‌ಮಿನಾರಿಗೆ ಸುರಂಗವಿತ್ತೆಂಬ ಕಥೆ ಎಲ್ಲರಿಗೂ ಪ್ರಿಯ. ವಜ್ರಗಳ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ಗೋಲ್ಕೊಂಡವು ವಜ್ರದ ಪೇಟೆಯಾಗಿತ್ತೇ ಹೊರತು ಗಣಿಯಾಗಿರಲಿಲ್ಲ. ಪ್ರಸಿದ್ಧವಾದ ಕೊಲ್ಲೂರಿನ ಗಣಿ ಕೃಷ್ಣಾತೀರದಲ್ಲಿತ್ತು. ಅದು ಗೋಲ್ಕೊಂಡದಿಂದ ಏಳು ದಿನಗಳ ದಾರಿಯೆಂದೂ ಅಲ್ಲಿ ಸುಮಾರು ೬೦,೦೦೦ ಜನ ದುಡಿಯುತ್ತಿದ್ದರೆಂದೂ ೧೭ನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಬರೆದಿದ್ದಾನೆ. ಕೊಹಿನೂರಿನ ವರ್ಣನೆಯಲ್ಲಿ ಈ ಗಂಡಸರು, ಹೆಂಗಸರು, ಮಕ್ಕಳು ಕಾಣೆಯಾಗುವುದು ವಾಸ್ತವಾಂಶದ ದೋಷಕ್ಕಿಂತ ಗುರುತರವಾದ ದೋಷ.

ಪ್ರತ್ಯೇಕವಾಗಿ ಗೊತ್ತುಮಾಡಿಕೊಂಡ ಮಾರ್ಗದರ್ಶಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕೇಳುವವರು ನಾಲ್ಕೈದು ಮಂದಿಯಾದ್ದರಿಂದ ಪ್ರಶ್ನೆಗೆ ಎಡೆಯುಂಟು, ನಿಂತು ನೋಡಲು ಬಿಡುವುಂಟು. ಇದು ಲಾಭವೇ. ಆದರೆ ಹಣ ಕೊಡುವವರನ್ನು ಮೆಚ್ಚಿಸುವ ಆಶೆಯೂ ಅದರೊಡನೆಯೇ ಬರುತ್ತದೆ. ಬಂದವರ ಹೆಸರು, ಹಣೆ, ಉಡುಪುಗಳನ್ನು ನೋಡಿ ಕಥೆಯನ್ನು ಬದಲಿಸಿದರೆ, ಒಬ್ಬರಿಗೆ ಸೆರೆಮನೆ ಮತ್ತು ಗುಡಿ, ಇನ್ನೊಬ್ಬರಿಗೆ ಮಸೀದಿ ಮತ್ತು ದರ್ಬಾರು ಎಂದು ಕೋಟೆ ಎರಡಾಗುತ್ತದೆ. ಮನೆಗೆ ಹೋದವರು ತಾವು ಕಂಡದ್ದೇ ಗೋಲ್ಕೊಂಡವೆಂದು ನಂಬಿರುತ್ತಾರೆ.

ಈ ವಿಭಜನೆಯನ್ನು ಕೋಟೆಯೇ ಒಪ್ಪುವುದಿಲ್ಲ. ಬಾಲಾ ಹಿಸಾರ್ ದ್ವಾರದ ಮೇಲೆ ಸಿಂಹ, ನವಿಲುಗಳ ಉಬ್ಬುಚಿತ್ರಗಳಿವೆ. ಬೆಟ್ಟವೇರುವ ದಾರಿಯಲ್ಲಿ ಮಸೀದಿಗೂ ಮಹಾಕಾಳಿಯ ಗುಡಿಗೂ ಇರುವ ಅಂತರ ಅತ್ಯಲ್ಪ. ಇಬ್ರಾಹಿಂ ಕುತುಬ್‌ಶಾಹನು ಪಟ್ಟವೇರುವ ಮುನ್ನ ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದನು. ೧೫೫೦ರಲ್ಲಿ ದೊರೆಯಾಗಿ ತೆಲುಗು ಕವಿಗಳನ್ನು ಪೋಷಿಸಿದವನೂ ಅವನೇ, ೧೫೬೫ರ ಯುದ್ಧದಲ್ಲಿ ಅದೇ ರಾಮರಾಯನ ವಿರುದ್ಧ ನಿಂತವನೂ ಅವನೇ. ಈ ಎರಡರಲ್ಲಿ ಒಂದನ್ನು ಮರೆಸಿ ಇನ್ನೊಂದನ್ನು ಹೇಳುವುದು ಸುಲಭ. ಎರಡನ್ನೂ ಹೇಳಿದರೆ ಮಾತ್ರ ಅದು ಇತಿಹಾಸ.

ರಾಮದಾಸರ ಕಥೆಯೂ ಇಂತಹುದೇ. ಭದ್ರಾಚಲದ ತಹಶೀಲುದಾರ ಕಂಚರ್ಲ ಗೋಪನ್ನನು ಸರಕಾರದ ಹಣವನ್ನು ರಾಮಮಂದಿರಕ್ಕೆ ವೆಚ್ಚಮಾಡಿ ಇಲ್ಲಿ ಸೆರೆಯಾದನೆಂದೂ, ರಾಮಲಕ್ಷ್ಮಣರೇ ಬಂದು ಆ ಹಣವನ್ನು ತೆತ್ತರೆಂದೂ ಐತಿಹ್ಯ. ಈ ಐತಿಹ್ಯವನ್ನು ಕೇವಲ ದೊರೆಯ ಕ್ರೌರ್ಯದ ಕಥೆಯಾಗಿ ಹೇಳುವವರು ಅದರ ಹೃದಯವನ್ನೇ ಬಿಡುತ್ತಾರೆ. ರಾಮನ ದರ್ಶನವಾದದ್ದು ಸೆರೆಯಲ್ಲಿದ್ದ ಭಕ್ತನಿಗಲ್ಲ, ತಾನಾಶಾಹನಿಗೆ. ಆ ಭಾಗ್ಯ ತನಗೆ ದೊರೆಯಲಿಲ್ಲವೆಂದು ಭಕ್ತನು ಹಂಬಲಿಸುತ್ತಾನೆ. ತೆಲುಗು ಜನತೆ ತನ್ನ ಭಕ್ತನನ್ನು ಸೆರೆಯಲ್ಲಿಟ್ಟ ದೊರೆಗೂ ಇಷ್ಟು ದೊಡ್ಡ ಸ್ಥಾನವನ್ನು ಕೊಟ್ಟಿದೆ. ಮಾರ್ಗದರ್ಶಿಯು ಇದನ್ನು ಇತಿಹಾಸವೆಂದು ಸಾಧಿಸಬೇಕಾಗಿಲ್ಲ. ಐತಿಹ್ಯವೆಂದೇ ಹೇಳಿ, ಪೂರ್ಣವಾಗಿ ಹೇಳಿದರೆ ಸಾಕು.

ಕನ್ನಡಿಗರಿಗೆ ಈ ಕೋಟೆ ಪರಸ್ಥಳವಲ್ಲ. ೧೪ನೆಯ ಶತಮಾನದಲ್ಲಿ ಇದು ಬಹಮನಿಗಳ ವಶವಾದಾಗ ಅವರ ರಾಜಧಾನಿ ಕಲಬುರಗಿ. ಸುಲ್ತಾನ್ ಕುಲಿಯು ತೆಲಂಗಾಣದ ಅಧಿಕಾರಿಯಾಗಿದ್ದಾಗ ಆ ರಾಜ್ಯದ ರಾಜಧಾನಿ ಬೀದರು. ಕಲಬುರಗಿ, ಬೀದರುಗಳ ಕೋಟೆಗಳನ್ನು ಕಂಡವರು ಇಲ್ಲಿಗೆ ಬಂದಾಗ ಮಾರ್ಗದರ್ಶಿಯನ್ನು ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ದೊರೆಯ ಕಾಲದ್ದು? ಇದಕ್ಕೆ ಕಣ್ಣೆದುರಿನ ಆಧಾರವೇನು? ಬೇರೆಯವರು ಬಂದಿದ್ದರೂ ಇದನ್ನೇ ಹೇಳಲಾಗುತ್ತಿತ್ತೆ? ಇವುಗಳಿಗೆ ಸಮಾಧಾನದಿಂದ ಉತ್ತರ ಕೊಡುವ ಮಾರ್ಗದರ್ಶಿಗೆ ತೆತ್ತ ಹಣ ವ್ಯರ್ಥವಲ್ಲ. ಕೇಳುವವರು ಪ್ರಶ್ನಿಸದಿರುವವರೆಗೆ, ಹೇಳುವವನ ದೋಷದಲ್ಲಿ ಅವರಿಗೂ ಸಮಪಾಲುಂಟು.