ಜಾಮೀನಿಗೆ ಕಾರಣ ಬೇಕು

ಮದುವೆಯಾಗಿ ಒಂದೆರಡು ವರ್ಷವೂ ತುಂಬದ ಹೆಣ್ಣುಮಗಳು ಗಂಡನ ಮನೆಯಲ್ಲಿ ಸಾಯುತ್ತಾಳೆ. ಕೆಲವು ತಿಂಗಳಲ್ಲಿ ಆರೋಪಿಗಳಿಗೆ ಜಾಮೀನು ಸಿಗುತ್ತದೆ. 'ರೊಕ್ಕ ಇದ್ದವರು ಬಿಡಿಸಿಕೊಂಡು ಬಂದರು, ಕೇಸು ಮುಗೀತು' ಎಂದು ಓಣಿಯ ಜನ ತೀರ್ಮಾನಿಸಿಬಿಡುತ್ತಾರೆ. ಕೇಸು ಮುಗಿದಿರುವುದಿಲ್ಲ. ಜಾಮೀನೆಂದರೆ ಖುಲಾಸೆಯಲ್ಲ, ಅಪರಾಧ ಸಾಬೀತಾಗುವ ಮೊದಲೇ ಯಾರನ್ನೂ ಶಿಕ್ಷೆಯೆಂಬಂತೆ ಸೆರೆಯಲ್ಲಿಡುವುದು ನ್ಯಾಯವೂ ಅಲ್ಲ. ಇದನ್ನು ಒಪ್ಪಿಕೊಂಡೇ ನಾವೊಂದು ಪ್ರಶ್ನೆ ಕೇಳಬೇಕಾಗಿದೆ. ಜಾಮೀನು ಕೊಟ್ಟದ್ದು ಯಾವ ಕಾರಣಕ್ಕೆ?

ಮದುವೆಯಾದ ಏಳು ವರ್ಷದೊಳಗೆ ಹೆಂಡತಿ ಅಸಹಜವಾಗಿ ಸತ್ತು, ಸಾವಿಗೆ ಮುನ್ನ ವರದಕ್ಷಿಣೆಗಾಗಿ ಹಿಂಸೆ ನಡೆದಿದ್ದರೆ ಅದು ವರದಕ್ಷಿಣೆ ಸಾವು. 1986ರಲ್ಲಿ ದಂಡ ಸಂಹಿತೆಗೆ ಸೇರಿದ 304-ಬಿ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ ಆಗಿದೆ. ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಹಿಂಸೆ ರುಜುವಾತಾದರೆ ಆರೋಪಿಯೇ ಸಾವಿಗೆ ಕಾರಣನೆಂದು ನ್ಯಾಯಾಲಯ ಭಾವಿಸಬೇಕು. ಮುಚ್ಚಿದ ಬಾಗಿಲ ಹಿಂದೆ ನಡೆದುದಕ್ಕೆ ಸಾಕ್ಷಿ ಸಿಗುವುದಿಲ್ಲವೆಂದೇ ಕಾನೂನು ಇಷ್ಟು ಬಿಗಿಯಾಯಿತು.

ಆದರೆ ಜಾಮೀನಿನ ಹಂತದಲ್ಲಿ ಈ ಬಿಗಿ ಸಡಿಲವಾಗುವುದುಂಟು. ತನಿಖೆ ಮುಗಿದಿದೆ, ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ, ಆರೋಪಿ ಊರಿನ ಕಾಯಂ ನಿವಾಸಿ, ಹಿಂದೆ ಅಪರಾಧ ಮಾಡಿದವನಲ್ಲ. ಈ ನಾಲ್ಕು ಮಾತು ಯಾವ ಪ್ರಕರಣಕ್ಕಾದರೂ ಹೊಂದುತ್ತವೆ. ಮೈಮೇಲಿನ ಗಾಯ, ಮರಣೋತ್ತರ ವರದಿ, ತವರಿಗೆ ಬಂದ ಬೇಡಿಕೆ ಇವುಗಳ ಪ್ರಸ್ತಾಪ ಇಲ್ಲದಿದ್ದರೆ ಅದು ಈ ಸಾವಿನ ಕುರಿತ ಆದೇಶ ಆಗುವುದಾದರೂ ಹೇಗೆ?

ಉತ್ತರ ಪ್ರದೇಶದ ಮುಸ್ಲಿಂ ಕುಟುಂಬವೊಂದರ ಪ್ರಕರಣದಲ್ಲಿ 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಆಕ್ಷೇಪಿಸಿದ್ದು ಇದನ್ನೇ. ಮದುವೆಯಾಗಿ ಎರಡು ವರ್ಷದೊಳಗೆ ಸೊಸೆ ಸತ್ತಿದ್ದಳು. ಹೈಕೋರ್ಟು ಯಾಂತ್ರಿಕವಾಗಿ ಜಾಮೀನು ನೀಡಿದೆಯೆಂದು ಹೇಳಿ, ಅತ್ತೆ ಮಾವನ ಜಾಮೀನನ್ನು ಅದು ರದ್ದುಗೊಳಿಸಿತು. ನಾದಿನಿಯರ ಜಾಮೀನನ್ನು ಮಾತ್ರ ಉಳಿಸಿತು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ ಯಾರ ಪಾತ್ರವೇನೆಂದು ನೋಡುವ ಈ ಕ್ರಮವೇ ಸರಿಯೆಂದು ನಮಗೆ ತೋರುತ್ತದೆ. ದೂರದ ಬಂಧುಗಳನ್ನೆಲ್ಲ ದೂರಿನಲ್ಲಿ ಸೇರಿಸುವ ರೂಢಿಯೂ ನಮ್ಮಲ್ಲಿದೆ. ಅದರಿಂದ ನಿಜವಾದ ಅಪರಾಧಿಗೇ ಅನುಕೂಲ.

ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಪ್ರಕರಣ ಸೆಷನ್ಸ್ ನ್ಯಾಯಾಲಯಕ್ಕೆ ಬರುತ್ತದೆ. ಅಲ್ಲಿ ಜಾಮೀನು ಸಿಗದವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತಾರೆ. 2008ರ ಜುಲೈಯಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಇದು 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮುಂಚೆ ನವಲಗುಂದದ ತಂದೆಯೊಬ್ಬ ಹೈಕೋರ್ಟಿನಲ್ಲಿ ತನ್ನ ಮಾತು ಹೇಳಿಸಬೇಕಾದರೆ ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ಈಗ ಹೈಕೋರ್ಟು ಮನೆಯ ಹತ್ತಿರಕ್ಕೇ ಬಂದಿದೆ. ಅಷ್ಟೇ ಅಲ್ಲ, ನೊಂದವರಿಗೆ ಜಾಮೀನಿನ ವಿಚಾರಣೆಯಲ್ಲೂ ತಮ್ಮ ಮಾತು ಹೇಳುವ ಹಕ್ಕಿದೆಯೆಂದು 2022ರಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಸತ್ತವಳ ತಂದೆತಾಯಿ ವಕೀಲರ ಮೂಲಕ ಜಾಮೀನನ್ನು ವಿರೋಧಿಸಬಹುದು. ಮಗಳನ್ನು ಮಣ್ಣು ಮಾಡಿ ಮನೆಗೆ ಮರಳಿದ ಎಷ್ಟು ಮಂದಿಗೆ ಇದು ತಿಳಿದಿದೆ?

ಇಲ್ಲಿ ನಮ್ಮ ಸಮುದಾಯದ ಮಾತೂ ಬರುತ್ತದೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಮೆಹರನ್ನು ವರದಕ್ಷಿಣೆಯಿಂದ ಬೇರೆಯಾಗಿಟ್ಟಿತು. ನಾವು ಮಾತ್ರ ಮೆಹರನ್ನು ಕಾಗದದಲ್ಲಿ ಬರೆದು, ಜಹೇಜನ್ನು ಲಾರಿಯಲ್ಲಿ ತರಿಸಿಕೊಳ್ಳುತ್ತಿದ್ದೇವೆ. 2001ರಲ್ಲಿ ಸತ್ತ ಇಪ್ಪತ್ತರ ಹರೆಯದ ಮುಸ್ಲಿಂ ಯುವತಿಯೊಬ್ಬಳ ಪ್ರಕರಣದಲ್ಲಿ 2025ರ ಡಿಸೆಂಬರಿನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ವರದಕ್ಷಿಣೆ ಮುಸ್ಲಿಮರಲ್ಲೂ ಹಬ್ಬಿ ಮೆಹರಿನ ರಕ್ಷಣೆಯನ್ನು ಟೊಳ್ಳಾಗಿಸಿದ್ದನ್ನು ಗುರುತಿಸಿತು. ಆ ತೀರ್ಪು ಬರಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ವಿಚಾರಣೆ ಹೀಗೆ ಎಳೆದಾಡುವಾಗ ಆರೋಪಿಯನ್ನು ಜೈಲಿನಲ್ಲೇ ಇಡಿ ಎನ್ನಲಾಗದು. ಆದರೆ ಹೊರಬಂದ ಆರೋಪಿಯ ಕಡೆಯವರು ಸಾಕ್ಷಿಗಳ ಮನೆಬಾಗಿಲಿಗೆ ಹೋದರೆ ಇಪ್ಪತ್ತನಾಲ್ಕು ವರ್ಷ ಯಾರು ತಾನೇ ಗಟ್ಟಿಯಾಗಿ ನಿಂತಾರು?

ಆದ್ದರಿಂದ ನ್ಯಾಯಾಲಯದಿಂದ ನಾವು ಬಯಸುವುದು ಕಾಠಿಣ್ಯವನ್ನಲ್ಲ, ಕಾರಣವನ್ನು. ಜಾಮೀನು ಕೊಡಲಿ, ನಿರಾಕರಿಸಲಿ, ಆ ಸಾವಿನ ವಿವರಗಳನ್ನು ತೂಗಿ ನೋಡಿದ್ದು ಆದೇಶದಲ್ಲಿ ಕಾಣಲಿ. ವಿಚಾರಣೆ ಬೇಗ ಮುಗಿಯಲಿ. ನಮ್ಮ ಜಮಾಅತ್‌ಗಳು 'ಆದದ್ದಾಯಿತು, ರಾಜಿ ಮಾಡಿಕೊಳ್ಳಿ' ಎಂದು ಹೆಣ್ಣಿನ ತಂದೆಯ ಮೇಲೆ ಒತ್ತಡ ಹೇರುವ ಬದಲು, ಅವರಿಗೊಬ್ಬ ವಕೀಲರನ್ನು ಹುಡುಕಿಕೊಟ್ಟು ಕೋರ್ಟಿನವರೆಗೆ ಜೊತೆಗೆ ಹೋಗಲಿ. ಸತ್ತವಳ ಹಕ್ಕು ಬದುಕಿರುವವರ ಮೇಲಿರುವ ಸಾಲ. ಅದನ್ನು ರಾಜಿಯ ಹಣದಿಂದ ತೀರಿಸಲಾಗದು.