ಹೊಳೆವ ಪುಡಿಯ ಹದ

ದೀಪಾವಳಿ ಬಂತೆಂದರೆ ಪುಣೆಯ ಕೋಥರೂಡದ ಸೊಸೈಟಿಗಳ ಅಂಗಳದಲ್ಲಿ ಮಕ್ಕಳ ಮಣ್ಣಿನ ಕೋಟೆಗಳು ಏಳುತ್ತವೆ. ಸಿಂಹಗಡವೋ ರಾಜಗಡವೋ, ಮೇಲೊಬ್ಬ ಶಿವಾಜಿ ಮಹಾರಾಜ, ಇಳಿಜಾರಿನಲ್ಲಿ ಮೊಳೆತ ಸಾಸಿವೆ. ಇಂಥ ಕೋಟೆಯ ಬುರುಜಿಗೆ ಕತ್ತಲಲ್ಲಿ ಹೊಳೆಯುವ ಪುಡಿ ಬಳಿದರೆ ಇರುಳಿನಲ್ಲೂ ಅದು ಎದ್ದು ಕಾಣುತ್ತದೆ. ಆದರೆ ಯಾವ ಬಣ್ಣಕ್ಕೆ ಯಾವುದನ್ನು ಬೆರೆಸಬೇಕು?

ಹಳದಿಗೆ ನೀಲಿ ಸೇರಿದರೆ ಹಸಿರು ಎಂಬ ಚಿತ್ರಕಲೆಯ ಪಾಠ ಇಲ್ಲಿ ನಡೆಯದು. ಪ್ರತಿ ಕಣವೂ ತನ್ನದೇ ಬೆಳಕು ಸೂಸುವುದರಿಂದ ಇಲ್ಲಿ ಕೂಡುವುದು ಬೆಳಕು. ಕೆಂಪಿಗೆ ಹಸಿರು ಕೂಡಿದರೆ ಹಳದಿ ಅಥವಾ ಕಿತ್ತಳೆ. ಅದೂ ಸ್ವಲ್ಪ ಹೊತ್ತು ಮಾತ್ರ, ಏಕೆಂದರೆ ಒಂದೊಂದು ಪುಡಿಯ ಆಯುಷ್ಯ ಒಂದೊಂದು ಬಗೆ. ಯುರೋಪಿಯಂ, ಡಿಸ್ಪ್ರೋಸಿಯಂ ಬೆರೆತ ಸ್ಟ್ರಾಂಷಿಯಂ ಅಲ್ಯೂಮಿನೇಟಿನ ಹಸಿರು, ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ರೂಪಿಸಿದ್ದು. ಕತ್ತಲಿಗೆ ಪಳಗಿದ ಕಣ್ಣಿಗೆ ಬೆಳಗಿನ ಜಾವದವರೆಗೂ ಕಾಣುತ್ತದೆ. ಯಿಟ್ರಿಯಂ ಆಕ್ಸಿಸಲ್ಫೈಡಿನ ಕೆಂಪು ಎಷ್ಟೋ ಮೊದಲೇ ಸೋಲುತ್ತದೆ. ಕಡುಗತ್ತಲಲ್ಲಿ ನಮ್ಮ ಕಣ್ಣು ಹೆಚ್ಚು ಚುರುಕಾಗಿರುವುದು 507 ನ್ಯಾನೋಮೀಟರ್ ತರಂಗಾಂತರದ ಸುತ್ತ; 625ರ ಕೆಂಪು ಅದಕ್ಕೆ ಹೆಚ್ಚುಕಡಿಮೆ ಕಾಣದು. ಸಂಜೆ ಕಲಸಿದ ಕಿತ್ತಳೆ ರಾತ್ರಿಯಾಗುತ್ತಲೇ ಹಸಿರಾಗುವುದು ಹೀಗೆ.

ಆದ್ದರಿಂದ ಒಟ್ಟಿಗೆ ಆರುವ ಬಣ್ಣಗಳನ್ನಷ್ಟೇ ಬೆರೆಸಬೇಕು ಎಂಬುದು ನನ್ನ ನಂಬಿಕೆ. 520ರ ಹಸಿರು ಮತ್ತು 490ರ ಕಡಲ ನೀಲಿ ಎರಡೂ ಸ್ಟ್ರಾಂಷಿಯಂ ಅಲ್ಯೂಮಿನೇಟಿನ ಮಕ್ಕಳು, ಎರಡೂ ದೀರ್ಘಾಯುಷಿಗಳು. ಸಮಪಾಲು ಕೂಡಿಸಿದರೆ ಮಳೆಗಾಲದ ಎಳೆ ಹುಲ್ಲಿನಂಥ ತಂಪು ಬಣ್ಣ ಬರುತ್ತದೆ. ಹೊತ್ತು ಸರಿದರೂ ಕೆಡದು. ಕ್ಯಾಲ್ಸಿಯಂ ಅಲ್ಯೂಮಿನೇಟಿನ ನೇರಳೆ ನೀಲಿಯನ್ನು ಹಸಿರಿಗೆ ಬೆರೆಸುವುದು ದಂಡ: ಅದರ ಬೆಳಕಿನ ಒಂದು ಪಾಲನ್ನು ಹಸಿರು ಕಣಗಳೇ ಹೀರಿಬಿಡುತ್ತವೆ. ನೇರಳೆಯನ್ನೂ ಕೆಂಪನ್ನೂ ಬೇರೆಯಾಗಿ, ಪಕ್ಕಪಕ್ಕದಲ್ಲಿ ಬಳಿಯಿರಿ. ಕೋಟೆಯ ಬಾವುಟಕ್ಕೆ ಕೆಂಪು, ಗೋಡೆಗೆ ನಮ್ಮ ತಂಪು ಮಿಶ್ರಣ. ಮುಸ್ಸಂಜೆಯಲ್ಲಿ ಎರಡೂ ಬೆಳಗಲಿ; ಬಾವುಟ ಮೊದಲು ಆರಿದರೆ ಅದೂ ಒಂದು ಚೆಲುವೇ.

ಸಾಸಿವೆಗೆ ದಿನವೂ ನೀರು ಚಿಮುಕಿಸುವ ಮಣ್ಣಿನ ಮೇಲೆ ನೇರವಾಗಿ ಬಳಿಯಬೇಡಿ. ಕವಚವಿಲ್ಲದ ಅಲ್ಯೂಮಿನೇಟು ತೇವಕ್ಕೆ ಕೆಡುತ್ತದೆ. ಬದಲಿಗೆ, ಕೋಟೆಗೆ ಒರಗಿಸುವ ರಟ್ಟಿಗೆ ಬಿಳಿ ಬಳಿದು, ಒಣಗಿದ ಮೇಲೆ ಪಾರದರ್ಶಕ ವಾರ್ನಿಷಿನಲ್ಲಿ ಪುಡಿ ಕದಡಿ ಹಚ್ಚಿ. ಮಾಮೂಲಿ ಬಣ್ಣ ಸೇರಿಸಿದರೆ ಹೊಳಪು ಮಂಕಾಗುತ್ತದೆ. ಅರೆಯಲೂ ಬಾರದು, ದಪ್ಪ ಕಣವೇ ಹೆಚ್ಚು ಹೊಳೆಯುವುದು. ಕಲಸಲು ಮರದ ಕಡ್ಡಿ ಸಾಕು. ಗಡಸು ಕಣಗಳು ಸ್ಟೀಲ್ ಚಮಚವನ್ನು ತೇಯ್ದು ಪುಡಿಯನ್ನು ಬೂದಾಗಿಸುತ್ತವೆ. ಮೂಗಿಗೊಂದು ಮಾಸ್ಕ್ ಇರಲಿ.

ಹದ ಸರಿಯಾಯಿತೇ ಎಂದು ದೀಪ ಆರಿಸಿದ ಕ್ಷಣದಲ್ಲೇ ತೀರ್ಮಾನಿಸಬೇಡಿ. ಕರ್ವೆ ರಸ್ತೆಯ ದೀಪಗಳಿಗೆ ಬೆನ್ನಾದ ಕೋಣೆಯಲ್ಲಿ ಅರ್ಧ ಗಂಟೆ ಕುಳಿತು, ಕಣ್ಣು ಪಳಗಿದ ಮೇಲೆ ನೋಡಿ. ಆಗಲೂ ಹಿಡಿಸಿದ ಬಣ್ಣವನ್ನೇ ಮಕ್ಕಳ ಕೈಗೆ ಕೊಡಿ.