ಅಟ್ಟೆಯ ಹೊಲಿಗೆ ಕೈಯಲ್ಲೇ ಇರಲಿ

ಚಪ್ಪಲಿ ಕೊಳ್ಳುವಾಗ ನಾನು ಮೊದಲು ಅದನ್ನು ಮಗುಚಿ ಹಾಕಿ ಅಟ್ಟೆ ನೋಡುತ್ತೇನೆ. ಜಡೆ, ಗೊಂಡೆ, ಬಣ್ಣ ಎಲ್ಲ ಆಮೇಲೆ. ಅಂಚಿನ ಗುಂಟ ತೊಗಲಿನ ಸಣ್ಣ ಬಾರು ಒಳಹೊಕ್ಕು ಹೊರಬಂದಿದ್ದರೆ ಅದು ಕೈಯ ಕೆಲಸ. ನೈಲಾನ್ ದಾರ ಒಂದೇ ಅಳತೆಯಲ್ಲಿ ಓಡಿದ್ದರೆ ಯಂತ್ರದ್ದು. ಬರೀ ಅಂಟು ಕಂಡರೆ ಅಲ್ಲೇ ಕೆಳಗಿಡುತ್ತೇನೆ.

ಲೋಕವೆಲ್ಲ ಕೊಲ್ಹಾಪುರಿ ಎಂದು ಕರೆಯುವ ಈ ಜೋಡು ನಮ್ಮದೂ ಹೌದು. 2019ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಪಟ್ಟಿಗೆ ಸೇರಿದವು. ವಿಜಯಪುರ ಜಿಲ್ಲೆಯ ನಿಡಗುಂದಿಯವರಾದ ನಮಗೆ ಕೃಷ್ಣೆಯ ಈ ದಂಡೆಯೂ ಆ ದಂಡೆಯೂ ಅದರೊಳಗೇ ಬಂದವು. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿ ಕಡೆಯ ಕನ್ನಡದ ಕೈಗಳು ತಲೆಮಾರುಗಳಿಂದ ಈ ಜೋಡು ಹೊಲಿಯುತ್ತ ಬಂದಿವೆ.

ಇದರ ಗಟ್ಟಿತನ ಹೊಲಿಗೆಗೂ ಮೊದಲೇ, ಹದ ಮಾಡುವಲ್ಲಿ ಶುರುವಾಗುತ್ತದೆ. ಅಟ್ಟೆಗೆ ಎಮ್ಮೆಯ ತೊಗಲು. ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಹೆರೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸ ಕುಡಿಸಬೇಕು. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆಯ ನೀರು ತುಂಬಿ ತೂಗುಹಾಕುತ್ತಾರೆ. ರಸ ತೊಗಲಿನ ಮೂಲಕವೇ ಜಿನುಗಿ ಹೊರಬರುತ್ತದೆ. ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನಕ್ಕೆ ಮುಗಿಯುವ ಕೆಲಸ ಇಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಕ್ರೋಮ್ ತೊಗಲು ಮೆತ್ತಗಿರುತ್ತದೆ, ನೀರಿಗೂ ಅಷ್ಟಾಗಿ ಹೆದರುವುದಿಲ್ಲ. ಆದರೆ ತೊಗಟೆಯ ತೊಗಲು ಬಿಗಿಯಾಗಿದ್ದು, ಬೆವರು ಹೀರಿ, ಮೆಟ್ಟಿದವರ ಪಾದದ ಅಚ್ಚಿಗೆ ನಿಧಾನವಾಗಿ ಕೂರುತ್ತದೆ. ನಮ್ಮ ಎರಿ ನೆಲದ ಬೇಸಿಗೆಗೆ ಬೇಕಾದ್ದು ಈ ಗುಣವೇ.

ಇಂಥ ಅಟ್ಟೆಗೆ ನೈಲಾನ್ ದಾರ ಹಾಕಿದರೆ ಏನಾಗುತ್ತದೆ? ತೊಗಲು ಬೆವರಿಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ನೈಲಾನ್ ಅಷ್ಟಾಗಿ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹೆಜ್ಜೆ ಹೆಜ್ಜೆಗೂ ಅದು ತೂತನ್ನು ಕೊಯ್ಯುತ್ತ ಹೋಗುತ್ತದೆ. ತೊಗಲಿನ ಬಾರು ಹಾಗಲ್ಲ, ಅಟ್ಟೆಯ ಜೊತೆಗೇ ಉಬ್ಬಿ ತೂತನ್ನು ತುಂಬಿಕೊಳ್ಳುತ್ತದೆ. ಸವೆದರೆ ಬಿಚ್ಚಿ ಹೊಸ ಬಾರು ಪೋಣಿಸಬಹುದು. ಆದ್ದರಿಂದ ಅಟ್ಟೆಯ ಹೊಲಿಗೆಯಲ್ಲಿ ನನಗೆ ರಾಜಿ ಇಲ್ಲ.

ಉಳಿದ ಕೆಲಸಕ್ಕೆ ಯಂತ್ರ ಬರಲಿ, ಬೇಗ ಬರಲಿ. ರಂಪಿಗೆ ಹಿಡಿದು ದಪ್ಪ ತೊಗಲು ಕೊಯ್ದೂ ಕೊಯ್ದೂ ಮಣಿಕಟ್ಟು ಸೋತವರಿದ್ದಾರೆ. ಅಟ್ಟೆಯನ್ನು ಕಲ್ಲಿನ ಮೇಲಿಟ್ಟು ಬಡಿದು ಬಿಗಿ ಮಾಡುವುದು ತೋಳು ತಿನ್ನುವ ಕೆಲಸ. ಅಚ್ಚು ಒತ್ತಿ ಕತ್ತರಿಸುವ ಪ್ರೆಸ್ಸು, ಅಂಚು ತೆಳುಗೊಳಿಸುವ ಯಂತ್ರ, ಅಟ್ಟೆ ಬಿಗಿಸುವ ರೋಲರು ಬಂದರೆ ಕಲೆಗೇನೂ ಕೊರತೆಯಿಲ್ಲ. ಎಡಬಲ ಪಾದಗಳ ಅಳತೆ ಒಂದೇ ತೆರನಾಗಿ ಸಿಗುವುದು ದೂರದ ಗಿರಾಕಿಗೆ ಬೇಕೇ ಬೇಕು. ಅಥಣಿಯ ಟೋಹೋಲ್ಡ್ ಸಂಘಟನೆ ಈ ದಾರಿಯಲ್ಲಿ ಹಳೆಯ ಹೊಲಿಗೆಯನ್ನು ಬಿಡದೆ ಹೊಸ ವಿನ್ಯಾಸ ತಂದಿತು, ಜಡೆ ಹೆಣೆಯುವ ಹೆಣ್ಣುಮಕ್ಕಳನ್ನು ಸ್ವಸಹಾಯ ಗುಂಪುಗಳಲ್ಲಿ ಒಗ್ಗೂಡಿಸಿತು, ಜೋಡುಗಳನ್ನು ಹೊರದೇಶಕ್ಕೂ ಕಳಿಸಿತು. ಸಣ್ಣ ಬಾರುಗಳ ಆ ನವಿರು ಕೆಲಸ ಮೊದಲಿನಿಂದಲೂ ಮನೆಯ ಹೆಂಗಸರದ್ದೇ. ಕೂಲಿಯ ಲೆಕ್ಕದಲ್ಲಿ ಮಾತ್ರ ಅವರು ಹಿಂದೆ ಉಳಿದಿದ್ದರು.

ಯಂತ್ರ ಎಲ್ಲಿ, ಕೈ ಎಲ್ಲಿ ಎಂಬ ಪ್ರಶ್ನೆಗೆ ಕೊರಿಯಾದ ತೊಗಲಿನ ಕೆಲಸಗಾರರು ಕೊಟ್ಟಿರುವ ಉತ್ತರ ನನಗೆ ಬಹಳ ಹಿಡಿಸುತ್ತದೆ. ಚೀಲ, ಪರ್ಸು ಮಾಡುವ ಅಲ್ಲಿನ ಸಣ್ಣ ಕಾರ್ಯಾಗಾರಗಳಲ್ಲಿ ಅಂಚು ತೆಳುಗೊಳಿಸಲು ವಿದ್ಯುತ್ ಯಂತ್ರ, ಗೆರೆ ಎಳೆಯಲು ಕಾಯಿಸಿದ ಉಪಕರಣ, ತೂತಿಗೆ ಸಮ ಹಲ್ಲಿನ ಉಕ್ಕಿನ ಉಳಿ ಇರುತ್ತವೆ. ಹೊಲಿಗೆಗೆ ಮಾತ್ರ ಎರಡು ಸೂಜಿ, ಒಂದು ದಾರ, ಎರಡು ಕೈ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಕಡಿದರೆ ಸಾಲು ಬಿಚ್ಚತೊಡಗುತ್ತದೆ. ಎರಡು ಸೂಜಿಯ ಹೊಲಿಗೆಯಲ್ಲಿ ಒಂದು ಹೊಲಿಗೆ ಕಡಿದರೂ ಪಕ್ಕದ್ದು ಹಿಡಿದಿರುತ್ತದೆ.

ಆ ನಾಡಿನಲ್ಲೂ ತೊಗಲು ಮುಟ್ಟಿದವರನ್ನು ಕೀಳೆಂದು ದೂರ ಇಟ್ಟಿದ್ದರು. ಕಟುಕರು, ತೊಗಲಿನವರು ಸೇರಿದ್ದ ಬೆಕ್‌ಜೊಂಗ್ ಜನರ ಸಮಾನತೆಗಾಗಿ 1923ರಲ್ಲಿ ಜಿಂಜು ಪಟ್ಟಣದಲ್ಲಿ ಚಳವಳಿ ಹುಟ್ಟಿತು. 2004ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಸಾಂಪ್ರದಾಯಿಕ ಪಾದರಕ್ಷೆ ಮಾಡುವ ಕಸುಬನ್ನೇ ರಾಷ್ಟ್ರೀಯ ಪರಂಪರೆಯೆಂದು ಘೋಷಿಸಿತು. ನಮ್ಮಲ್ಲಿ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ ಹನ್ನೆರಡನೆಯ ಶತಮಾನದ ಹೊತ್ತಿಗೇ ಶರಣರ ಸಾಲಿನಲ್ಲಿ ಕೂತಿದ್ದರು. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದುಕೆ ಮಾಡಿದ ಕಥೆ, ಬಸವಣ್ಣ ಹುಟ್ಟಿದ ಬಾಗೇವಾಡಿಯ ಸುತ್ತಲಿನ ನಮಗೆಲ್ಲ ಬಾಯಿಪಾಠ. ಅದೇ ಊರುಗಳಲ್ಲಿ ಇವತ್ತಿಗೂ ಸಮಗಾರನ ಕೂಲಿಗೆ ಚೌಕಾಸಿ ಮಾಡುವುದು ನಿಲ್ಲದಿರುವುದು ನನಗೆ ನೋವಿನ ಸಂಗತಿ.

2025ರ ಜೂನ್‌ನಲ್ಲಿ ಇಟಲಿಯ ಪ್ರಾದಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿ ತೋರಿಸಿ, ಮೂಲದ ಹೆಸರೆತ್ತದೆ ಸುಮ್ಮನಿತ್ತು. ಗದ್ದಲವಾದ ಮೇಲೆ ಭಾರತದ ಕಸುಬಿನಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಚರ್ಮೋದ್ಯಮ ನಿಗಮಗಳಾದ ನಮ್ಮ ಲಿಡ್‌ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಒಪ್ಪಂದವಾಯಿತು. ಸುಮಾರು 2,000 ಜೋಡು, ಜೋಡಿಗೆ ಸುಮಾರು 800 ಯೂರೊ ಎಂಬ ಲೆಕ್ಕ ಹೊರಬಿತ್ತು. ಆ ಬೆಲೆಯಲ್ಲಿ ಹೊಲಿದವರ ಪಾಲೆಷ್ಟು ಎಂಬುದನ್ನು ಎರಡೂ ನಿಗಮಗಳು ಬಹಿರಂಗವಾಗಿ ಹೇಳಬೇಕು. ಜಿಐ ಒಡೆತನ ಅವುಗಳದ್ದೇ ಆಗಿರುವಾಗ ಆ ಹೊಣೆಯೂ ಅವುಗಳದ್ದೇ.

ಕೊಳ್ಳುವವರಿಗೆ ಇಷ್ಟು. ಸಾಧ್ಯವಿದ್ದರೆ ಹಾಳೆಯ ಮೇಲೆ ಪಾದವಿಟ್ಟು ಗೆರೆ ಎಳೆಸಿಕೊಂಡು ಮಾಡಿಸಿ. ಉಂಗುಟ ಮೊದಮೊದಲು ಕಚ್ಚುತ್ತದೆ. ರಾತ್ರಿ ಔಡಲೆಣ್ಣೆ ಸವರಿಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪವೇ ಮೆಟ್ಟಿ ರೂಢಿಮಾಡಿಕೊಳ್ಳಿ. ಮಳೆಗಾಲದಲ್ಲಿ ಎತ್ತಿಡಿ. ನೆನೆದರೆ ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ತೊಗಲು ಸೆಟೆದು ಬಿರುಕು ಬಿಡುತ್ತದೆ.